ಕಾಫಿ ಪುಡಿ ಪೌಚ್ ಮೇಲೆ ಬ್ರಷ್ ಅಕ್ಷರ: ಶೈಲಿ ಎಷ್ಟಿರಬೇಕು?

ಒಣಕುಂಚ: ಒಣ ಬ್ರಷ್‌ನ ಎಳೆಗಳು ಕಾಣುವ ಹಾಗೆ ಕನ್ನಡ ಅಕ್ಷರ ಬರೆಯುವುದು ನನ್ನ ಶೈಲಿ. ಈಗ ಫಿಲ್ಟರ್ ಕಾಫಿ ಪೌಚ್ ಕೆಲಸ: 50, 200, 500 ಗ್ರಾಂ, ಫ್ಲೆಕ್ಸೋ ಮುದ್ರಣ (ಬಾಗುವ ಪ್ಲೇಟಿನಿಂದ ಒತ್ತುವ ವಿಧಾನ). ಹಿಂದೆ ಮುಂದೆ ಎರಡೂ ಕಡೆ ಅದೇ ಕೈಬರಹ ಹಾಕಿದೆ. ಪಾರ್ಟಿ ‘ಓದೋಕಾಗಲ್ಲ’ ಅಂತಿದ್ದಾರೆ. ಶೈಲಿ ಬಿಡದೆ ಸರಿಮಾಡುವುದು ಹೇಗೆ?

ಹೊಟ್ಟೆಸೀಳು: ‘ಕಾಫಿ’ಯನ್ನೇ ತಗೊಳ್ಳಿ. ಪಿ, ಫಿ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಗೀಟು. ಫ್ಲೆಕ್ಸೋ ಪ್ಲೇಟು ಮೆತ್ತಗಿನದು, ಒತ್ತಿದಾಗ ಶಾಯಿ ಹರಡಿ ಸಂದು ಮುಚ್ಚುತ್ತದೆ. ಗೀಟು ಹೋಗಿ ‘ಕಾಪಿ’ ಆಗುತ್ತದೆ. 0.2 ಮಿ.ಮೀ.ಗಿಂತ ತೆಳು ಗೆರೆ, 0.3ಕ್ಕಿಂತ ಸಣ್ಣ ಸಂದು ನಂಬಬೇಡಿ. 120 ಮಿ.ಮೀ. ಅಗಲದ ಹೆಸರನ್ನು 48ಕ್ಕೆ ಕುಗ್ಗಿಸಿದರೆ 0.5ರ ಸಂದು 0.2 ಆಗುತ್ತದೆ, ಅಲ್ಲಿಗೆ ಮುಗಿಯಿತು. 50 ಗ್ರಾಂಗೆ ಬೇರೆಯೇ ಬರೆಯಿರಿ: ಎಳೆಗಳು ಮೂರೋ ನಾಲ್ಕೋ ಸಾಕು, ಸಂದು ಅಗಲಿಸಿ, ಒತ್ತಕ್ಷರ ತುಸು ದೊಡ್ಡದಿರಲಿ. ಅಸಲು ಅಳತೆಯಲ್ಲಿ ಕಪ್ಪುಬಿಳುಪು ಪ್ರಿಂಟ್ ತೆಗೆದು ಐದಡಿ ದೂರದಿಂದ ಓದಿಸಿ. ಹೆಸರು ಗೊತ್ತಿಲ್ಲದವರಿಂದಲೇ ಓದಿಸಬೇಕು, ನಿಮ್ಮ ಕಣ್ಣಿಗೆ ಆಗಲೇ ಅಭ್ಯಾಸವಾಗಿರುತ್ತದೆ.

ಮೊಳೆ_ಜೋಡಣೆ: ಹಿಂಭಾಗದಲ್ಲಿ ಕೈಬರಹ ಬೇಡವೇ ಬೇಡ. ಚಿಕೋರಿ ಎಷ್ಟು ಶೇಕಡಾ ಎಂಬ ಸಾಲು, ನಿವ್ವಳ ತೂಕ, ಎಂಆರ್‌ಪಿ ಇವೆಲ್ಲ ಕಾನೂನಿನ ಮಾತು. ಅಂಕಿಯ ಎತ್ತರಕ್ಕೂ ನಿಯಮವಿದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಸಾಕು. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆಯಷ್ಟಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಣ್ಣ ಬರೀ ಕಪ್ಪು.

ಎರಡನೇ_ಪ್ರೂಫ್: ಮುಂಭಾಗದ ಹೆಸರಿನಲ್ಲಿ ಮಾತ್ರ ರಾಜಿಯಾಗಬೇಡಿ, ನಿಮ್ಮನ್ನು ಕರೆದದ್ದೇ ಅದಕ್ಕೆ. ಆದರೆ ಮಾರಿದ ಮೇಲೆ ಅದು ಬ್ರ್ಯಾಂಡಿನ ಸೊತ್ತು. ಅಮುಲ್ ಹುಡುಗಿಯನ್ನು 1966ರಲ್ಲಿ ಕಲಾವಿದ ಯೂಸ್ಟೇಸ್ ಫರ್ನಾಂಡಿಸ್ ಬರೆದರು, ಆಮೇಲೆ ಬೇರೆ ಕೈಗಳೂ ಬರೆದವು, ಹುಡುಗಿ ಬದಲಾಗಲಿಲ್ಲ. ಮುಂದೆ ಬರಬಹುದಾದ ‘ಪೀಬೆರಿ’ (ಒಂಟಿ ಬೀಜದ ಕಾಫಿ), ‘ಸ್ಟ್ರಾಂಗ್’ ಪದಗಳನ್ನೂ ಈಗಲೇ ಬರೆದು ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಫೈಲು) ಮಾಡಿ ಕೊಡಿ, ದರವನ್ನೂ ಪ್ರತ್ಯೇಕವಾಗಿ ಹೇಳಿ. ಇನ್ನೊಂದು ಕಾಫಿ ಕಂಪನಿಗೆ ಇದೇ ಕುಂಚ ಎತ್ತುವ ಹಾಗಿಲ್ಲ, ಅದನ್ನೂ ಒಪ್ಪಂದದಲ್ಲಿ ಬರೆಯಿರಿ.

ಒಣಕುಂಚ: ಹೆಸರನ್ನು ಕಂದು ಹಿನ್ನೆಲೆಯಲ್ಲಿ ಬಿಳಿ ಬಿಟ್ಟರೆ?

ಹೊಟ್ಟೆಸೀಳು: ಕಂದನ್ನು ನಾಲ್ಕು ಬಣ್ಣ ಕೂಡಿಸಿ ಮಾಡಿದರೆ ಬೇಡ. ಒಂದು ಪ್ಲೇಟು ಕೂದಲೆಳೆ ಸರಿದರೂ ಬಿಳಿ ಎಳೆಯೊಳಗೆ ಕೆಂಪು, ನೀಲಿ ಇಣುಕುತ್ತದೆ. ಕಂದನ್ನು ಒಂದೇ ಸ್ಪಾಟ್ ಕಲರ್ (ಮೊದಲೇ ಬೆರೆಸಿಟ್ಟ ಒಂದೇ ಶಾಯಿ) ಮಾಡಿಸಿ, ಎಳೆಗಳನ್ನು ಇನ್ನಷ್ಟು ದಪ್ಪಗೆ ಬಿಡಿ.