ಅಮ್ಮನ ಹೊಟ್ಟೆ ಆಪರೇಷನ್ ನಂತರದ ನೋವು – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಹೊಟ್ಟೆ ಕೊಯ್ದು ಕರುಳಿನ ಆಪರೇಷನ್ ಮಾಡಿದ್ದಾರೆ. ಜ್ವರ, ವಾಂತಿ ಇಲ್ಲ. ಗಾಯ ಒಣಗುತ್ತಿದೆ. ಆದರೆ ಕೆಮ್ಮಿದರೆ, ಹಾಸಿಗೆಯಿಂದ ಎದ್ದರೆ ಹೊಲಿಗೆ ಹತ್ತಿರ ಜಗ್ಗಿದ ಹಾಗೆ ನೋವು. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ, ಪಕ್ಕಕ್ಕೆ ಹೊರಳಿ ಕೈ ಊರಿ ಏಳುತ್ತಾರೆ. ಅದರಿಂದ ಸ್ವಲ್ಪ ಹಾಯಾಗುತ್ತದೆ.

ನೋವಿಗೆ ಹೆದರಿ ನಡೆಯೋದನ್ನೇ ಬಿಟ್ಟಿದ್ದಾರೆ, ಅದೇ ನನ್ನ ಚಿಂತೆ. ಸುಮ್ನೆ ಮಲಗೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಲಬದ್ಧತೆಯೂ ಜಾಸ್ತಿಯಾಗುತ್ತದೆ ಅಲ್ವಾ? ಹೊಟ್ಟೆ ಉಬ್ಬಿ ವಾಂತಿಯಾದರೆ, ಗಾಯದಲ್ಲಿ ಕೀವು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುತ್ತೇನೆ.

ಇಂಥ ಆಪರೇಷನ್ ಆದವರು ದಯವಿಟ್ಟು ಹೇಳಿ: ಮೊದಮೊದಲು ಎಷ್ಟು ದೂರ ನಡೆದಿರಿ? ಹೊಟ್ಟೆಗೆ ಬೆಲ್ಟ್ ಕಟ್ಟಿದ್ದು ನಿಮಗೆ ಅನುಕೂಲವಾಯಿತಾ? ಡಾಕ್ಟರನ್ನು ಕೇಳಿಯೇ ಮಾಡಿಸುತ್ತೇನೆ. ಹೊಲಿಗೆ ಬಿಚ್ಚಿಬಿಡುತ್ತದೆ ಅನ್ನೋ ಅಮ್ಮನ ಭಯವನ್ನು ಹೇಗೆ ಹೋಗಲಾಡಿಸಲಿ?