ಟೆದರ್ ಶೂಟಲ್ಲಿ ಕೇಬಲ್ ಜಗ್ಗಿ ಜಗ್ಗಿ ಪೋರ್ಟ್ ಲೂಸ್ ಆಗ್ತಿದೆ, ನೀವೆಲ್ಲ ಹೇಗೆ ಕಟ್ತೀರಾ?

ಸೆರಗು_ಫ್ರೇಮ್ಸ್:

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಸೀರೆ ಕ್ಯಾಟಲಾಗ್ ಶೂಟ್ ಮಾಡೋದು, ಹೆಚ್ಚಾಗಿ ಚಿಕ್ಕಪೇಟೆ ಅಂಗಡಿಗಳ ಕೆಲಸ, ದಿನಕ್ಕೆ 40-50 ಸೀರೆ ಆಗ್ಲೇಬೇಕು. ಮೊದ್ಲು ಕಾರ್ಡಿಗೆ ತೆಗೆದು ಸಂಜೆ ತೋರಿಸ್ತಿದ್ದೆ, ಆಗ ಮಾಲೀಕ್ರು ಜರಿ ಬಣ್ಣ ಹಿಂಗಿಲ್ಲ ಹಳದಿ ಹೊಡೀತಿದೆ, ಸೆರಗಿನ ಬುಟ್ಟಾ ಮಡಿಕೆ ಒಳಗೆ ಹೋಗಿದೆ ಅಂದ್ರೆ ಮತ್ತೆ ಉಡ್ಸಿ ಮತ್ತೆ ತೆಗಿಬೇಕಿತ್ತು. ಈಗ ಒಂದು ವರ್ಷದಿಂದ ಟೆದರ್ ಮಾಡ್ತಿದೀನಿ, ಅಂದ್ರೆ ಕ್ಯಾಮೆರಾನ ಕಂಪ್ಯೂಟರಿಗೆ ಜೋಡಿಸಿ ತೆಗೆದ ಫೋಟೋ ಆಗ್ಲೇ ಸ್ಕ್ರೀನಲ್ಲಿ ಬರೋ ಹಾಗೆ. ನಿಕಾನ್ ಡಿ850 ಕ್ಯಾಮೆರಾಯಿಂದ 15 ಅಡಿ ಕೇಬಲ್ ಲ್ಯಾಪ್‌ಟಾಪಿಗೆ, ಸಾಫ್ಟ್‌ವೇರ್ ಕ್ಯಾಪ್ಚರ್ ಒನ್. ಅವರು ಸ್ಕ್ರೀನ್ ಮುಂದೆನೇ ಕೂತು ಅಲ್ಲೇ ಓಕೆ ಮಾಡ್ತಾರೆ. ಆ ನೆಮ್ಮದಿ ಬಿಟ್ಟು ಹಳೇ ಥರ ಕೆಲಸಕ್ಕೆ ವಾಪಸ್ ಹೋಗೋಕೆ ನಂಗಿಷ್ಟ ಇಲ್ಲ.

ತೊಂದ್ರೆ ಕೇಬಲ್‌ದು. ಅರ್ಧ ಶಾಟ್ ಕೈಯಲ್ಲೇ ಹಿಡಿದು ತೆಗಿತೀನಿ, ಪೂರ್ತಿ ಸೀರೆ ಬೇಕಂದ್ರೆ ಅಡ್ಡ ಇರೋ ಕ್ಯಾಮೆರಾ ಉದ್ದ ತಿರುಗಿಸ್ಬೇಕು, ಹಿಂದೆ ಮುಂದೆ ಓಡಾಡ್ಬೇಕು, ಅಷ್ಟೂ ಹೊತ್ತು ಕೇಬಲ್ ಭಾರ ಎಲ್ಲ ಆ ಪಿನ್ ಮೇಲೆ. ಕಳೆದ ವಾರ ಸೀರೆ ಉಡ್ಸೋ ಅಕ್ಕ ನೆರಿಗೆ ಸರಿ ಮಾಡಿ ಹಿಂದಕ್ಕೆ ಸರಿಯೋವಾಗ ಕಾಲಿಗೆ ಸಿಕ್ಕಿ ಜೋರಾಗಿ ಎಳೀತು. ಅವತ್ತಿಂದ ಕನೆಕ್ಷನ್ ಹೋಗೋದು ಬರೋದು, ಪಿನ್ ಸ್ವಲ್ಪ ಅಲ್ಲಾಡ್ಸಿದ್ರೆ ಬರತ್ತೆ. ರಿಪೇರಿಯವ್ರಿಗೆ ತೋರಿಸ್ದೆ, ಬೋರ್ಡೇ ಬದಲಾಯಿಸ್ಬೇಕಾಗತ್ತೆ ಅಂದ್ರು, ಆ ರೇಟ್ ಕೇಳಿ ಎರಡು ರಾತ್ರಿ ನಿದ್ದೆ ಬಂದಿಲ್ಲ.

ಪಿನ್ ಮೇಲೆ ಗ್ಯಾಫರ್ ಟೇಪ್ (ಶೂಟಲ್ಲಿ ಬಳಸೋ ಬಟ್ಟೆ ಟೇಪ್) ಹಾಕಿ ಬಾಡಿಗೇ ಅಂಟಿಸಿಬಿಡ್ಲಾ? ಜರ್ಕ್‌ಸ್ಟಾಪರ್ ಅಂತ ಕೇಬಲ್ ಎಳೆತ ತಡೆಯೋ ಸಾಧನ ಬರತ್ತಲ್ಲ ಅದು ನಿಜವಾಗ್ಲೂ ಕೆಲಸ ಮಾಡತ್ತಾ? ಶನಿವಾರ ಮತ್ತೆ ಶೂಟ್ ಇದೆ, ಯಾರಾದ್ರೂ ಹೇಳಿ ಪ್ಲೀಸ್.

ಜಯನಗರ_50ಎಂಎಂ:

ಸರ್, ಟೇಪ್ ಮಾತ್ರ ಅಂಟಿಸ್ಬೇಡಿ. ಟೇಪ್ ಹಾಕಿದ್ರೆ ಪಿನ್ ಹೊರಗೆ ಬರಲ್ಲ ಅಷ್ಟೇ, ಎಳೆತ ಹಾಗೇ ಪೋರ್ಟಿಗೇ ಹೋಗತ್ತೆ, ಮೊದ್ಲು ಕಳಚಿಕೊಂಡು ಬಚಾವ್ ಆಗ್ತಿದ್ದ ಪಿನ್ ಈಗ ಒಳಗೇ ನಿಂತು ಬೆಸುಗೆ ಕೀಳತ್ತೆ. ಪೋರ್ಟ್ ಹಾಳಾಗೋದು ನೇರ ಎಳೆದಾಗ ಅಲ್ಲ, ಹೆಚ್ಚಾಗಿ ಪಕ್ಕಕ್ಕೆ ಮೇಲಕ್ಕೆ ಮೀಟಿದಾಗ. ಡಿ850 ಯಲ್ಲಿರೋದು ಮೈಕ್ರೋ ಬಿ ಅನ್ನೋ ಯುಎಸ್‌ಬಿ ಪೋರ್ಟ್, ಅಗಲ ಪಿನ್ನು, ಆದ್ರೆ ಒಳಗೆ ಹೋಗೋದು ಕೆಲವೇ ಮಿಲಿಮೀಟರ್, ಹೊರಗಿರೋ ಪ್ಲಾಸ್ಟಿಕ್ ಭಾಗ ಉದ್ದ, ಅದು ಸನ್ನೆಕೋಲು ಥರ ಕೆಲಸ ಮಾಡತ್ತೆ.

ಮೊದ್ಲು ಕ್ಯಾಮೆರಾ ಡಬ್ಬ ತೆಗೆದು ನೋಡಿ. ಡಿ850 ಜೊತೆ ಒಂದು ಪುಟ್ಟ ಕಪ್ಪು ಕ್ಲಿಪ್ ಬರತ್ತೆ, ಯುಎಸ್‌ಬಿ ಮತ್ತೆ ಎಚ್‌ಡಿಎಂಐ ಕೇಬಲ್ ಹಿಡಿಯೋಕೆ. ಕ್ಯಾನನ್ 5ಡಿ ಮಾರ್ಕ್ 4 ಜೊತೆಗೂ ಅಂಥದ್ದೇ ಕೊಡ್ತಾರೆ. ಏನಕ್ಕೆ ಅಂತ ಗೊತ್ತಿಲ್ದೆ ತುಂಬಾ ಜನ ಅದನ್ನ ಡಬ್ಬದಲ್ಲೇ ಬಿಟ್ಟಿರ್ತಾರೆ, ದುಡ್ಡು ಕೊಟ್ಟು ತಗೊಂಡಿರೋ ವಸ್ತು ಅದು, ಹಾಕಿ.

ಆಮೇಲೆ ಎರಡನೇ ಕಟ್ಟು. ಕ್ಯಾಮೆರಾಗೆ ಎಲ್ ಪ್ಲೇಟ್ (ತಳಕ್ಕೂ ಪಕ್ಕಕ್ಕೂ ಕೂರೋ ಎಲ್ ಆಕಾರದ ಲೋಹದ ಪಟ್ಟಿ) ಇದ್ರೆ ಅದಕ್ಕೆ, ಇಲ್ಲಾಂದ್ರೆ ಸ್ಟ್ರಾಪ್ ಹಾಕೋ ಬಳೆಗೆ, ವೆಲ್ಕ್ರೋ ಪಟ್ಟಿಲಿ ಕೇಬಲ್ ಬಿಗಿಯಾಗಿ ಕಟ್ಟಿ, ಆ ಕಟ್ಟಿಂದ ಪಿನ್ ತನಕ ನಾಲ್ಕು ಬೆರಳಷ್ಟು ಸಡಿಲ ಬಿಡಿ, ಕೇಬಲ್ ಅಲ್ಲಿ ಮೊಣಕೈ ಥರ ಮುರಿದು ಬಾಗ್ಬಾರ್ದು, ದುಂಡಗೆ ತಿರುಗ್ಬೇಕು. ಜರ್ಕ್‌ಸ್ಟಾಪರ್ ಮಾಡೋದೂ ಇದನ್ನೇ, ಒಳ್ಳೇ ವಸ್ತುನೇ, ಆದ್ರೆ ಶನಿವಾರದೊಳಗೆ ಸಿಗ್ಲಿಲ್ಲ ಅಂದ್ರೆ ವೆಲ್ಕ್ರೋ ಸಾಕು. ಕಟ್ಟಿದ್ಮೇಲೆ ಕಟ್ಟಿನ ಕೆಳಗೆ ಕೇಬಲ್ ಹಿಡಿದು ಮೆಲ್ಲಗೆ ಎಳೀರಿ, ಪಿನ್ ಒಂಚೂರೂ ಅಲ್ಲಾಡ್ಬಾರ್ದು, ಅಲ್ಲಾಡಿದ್ರೆ ಬಿಚ್ಚಿ ಮತ್ತೆ ಕಟ್ಟಿ.

ಎಲ್ ಪ್ಲೇಟ್ ಹೊಸದಾಗಿ ತಗೊಳ್ಳೋದಾದ್ರೆ ನಿಮ್ಮ ಮಾಡೆಲಿಗೇ ಅಂತ ಮಾಡಿದ್ದು ತಗೊಳಿ. ಎಲ್ಲಾ ಕ್ಯಾಮೆರಾಗೂ ಆಗತ್ತೆ ಅನ್ನೋ ಪ್ಲೇಟ್ ಹಾಕಿದ್ರೆ ಪಕ್ಕದ ರಬ್ಬರ್ ಮುಚ್ಚಳನೇ ಪೂರ್ತಿ ತೆರೆಯೋಕಾಗಲ್ಲ.

ಧಾರವಾಡ_ಲೈಟ್‌ಬಾಕ್ಸ್:

ನಮಸ್ಕಾರ್ರೀ. ಮ್ಯಾಲೆ ಸರ್ ಹೇಳಿದ್ದು ಖರೆ ಐತಿ, ಆದ್ರ ಅಷ್ಟ ಮಾಡಿ ಬಿಟ್ರ ಇನ್ನೊಂದು ಅಪಾಯ ಐತ್ರಿ. ನಾ ಹುಬ್ಬಳ್ಳ್ಯಾಗ ಹೋಟೆಲ್ ಮೆನು ಫೋಟೋ ತಗೀತೇನಿ. ಕೇಬಲ್ ಕ್ಯಾಮೆರಾಕ್ಕ ಗಟ್ಟಿ ಕಟ್ಟಿ ಟ್ರೈಪಾಡ್ ಮ್ಯಾಲೆ ಇಟ್ಟಿದ್ದೆ, ಅಡಗಿಮನಿಯಿಂದ ಪ್ಲೇಟ್ ತರೋ ಹುಡುಗನ ಕಾಲಿಗೆ ಸಿಕ್ತು. ಪಿನ್ ಬಿಚ್ಚಲಿಲ್ಲ, ಪೋರ್ಟಿಗೂ ಏನೂ ಆಗ್ಲಿಲ್ಲ, ಟ್ರೈಪಾಡ್ ಸಮೇತ ಕ್ಯಾಮೆರಾ ಕೆಳಗ ಬಿತ್ತು, ಲೆನ್ಸ್ ಮೌಂಟ್ ಸೊಟ್ಟ ಆತು. ಹುಡುಗಗ ಪೆಟ್ಟಾಗ್ಲಿಲ್ಲ, ಅದೊಂದ ಸಮಾಧಾನ. ನಿಮ್ಮ ಬಾಡಿ 1 ಕೆಜಿ, 24-70 ಲೆನ್ಸ್ ಹಾಕಿದ್ರ ಇನ್ನೊಂದು ಕೆಜಿ, ಕೈಯಾಗ ಹಿಡ್ಕೊಂಡಾಗ ಜಗ್ಗಿದ್ರ ಮಣಿಕಟ್ಟಿಗೂ ಏಟು.

ಅದಕ್ಕ ಏನ್ ಮಾಡ್ಬೇಕಂದ್ರ, ಎಲ್ಲೋ ಒಂದ್ ಕಡೆ ಕೇಬಲ್ ಬಿಚ್ಚಾಕ ದಾರಿ ಇಡ್ಬೇಕ್ರಿ. ನಾ ಈಗ ಲ್ಯಾಪ್‌ಟಾಪಿಗೆ ಗೇಣುದ್ದ ಎಕ್ಸ್‌ಟೆನ್ಶನ್ ಹಾಕಿ ಅದನ್ನ ಟೇಬಲ್ ಕಾಲಿಗೆ ವೆಲ್ಕ್ರೋಲೆ ಕಟ್ಟೇನಿ, ಉದ್ದ ಕೇಬಲ್ ಆ ಎಕ್ಸ್‌ಟೆನ್ಶನ್ ಬಾಯಿಗೆ ಚುಚ್ತೇನಿ, ಆ ಜೋಡಣಿಗೆ ಟೇಪ್ ಗೀಪ್ ಏನೂ ಇಲ್ಲ. ಯಾರರ ಎಡವಿದ್ರ ಅಲ್ಲೇ ನೆಟ್ಟಗ ಬಿಚ್ಚಿ ಹೋಗ್ತೈತಿ, ಕ್ಯಾಮೆರಾನೂ ಬೀಳಂಗಿಲ್ಲ ಲ್ಯಾಪ್‌ಟಾಪೂ ಜಾರಂಗಿಲ್ಲ. ಜೋಡಣಿ ಬಾಯಿ ಕ್ಯಾಮೆರಾ ಇರೋ ದಿಕ್ಕಿಗೇ ಮುಖ ಮಾಡಿರ್ಬೇಕ್ರಿ, ಅಡ್ಡ ಇದ್ರ ಬಿಚ್ಚೋ ಬದಲಿ ಸಿಕ್ಕಿ ಹಾಕ್ಕೋತೈತಿ. ಟ್ರೈಪಾಡಿಗೆ ಉಸುಕಿನ ಚೀಲ ತೂಗು ಹಾಕೋದು ಮರೀಬ್ಯಾಡ್ರಿ.

ಪಿಕ್ಸೆಲ್_ಪಟೇಲ:

ಬೋರ್ಡ್ ಬದಲಾಯಿಸೋ ಮುಂಚೆ ಒಂದು ಮಾತು. ಕನೆಕ್ಷನ್ ಹೋದ ತಕ್ಷಣ ಪೋರ್ಟೇ ಹೋಗಿದೆ ಅಂತ ತೀರ್ಮಾನ ಮಾಡ್ಬೇಡಿ ಅಣ್ಣ. 15 ಅಡಿ ಅಂದ್ರೆ 4.6 ಮೀಟರ್. ಯುಎಸ್‌ಬಿ 2 ಗೆ 5 ಮೀಟರ್ ಮಿತಿ, ಯುಎಸ್‌ಬಿ 3 ವೇಗಕ್ಕೆ ಸಾದಾ ಕೇಬಲ್ ಆದ್ರೆ 3 ಮೀಟರ್ ಸುತ್ತಮುತ್ತ ಅಂತ ಲೆಕ್ಕ ಇಟ್ಕೊಳ್ಳಿ. ಅದಕ್ಕಿಂತ ಉದ್ದ ಹೋದಾಗ ಒಳಗಿನ ತಂತಿ ದಪ್ಪ, ಶೀಲ್ಡಿಂಗ್ ಚೆನ್ನಾಗಿರ್ಬೇಕು, ಇಲ್ಲ ಮಧ್ಯೆ ಸಿಗ್ನಲ್ ಎತ್ತಿ ಕೊಡೋ ಆಕ್ಟಿವ್ ಕೇಬಲ್ ಬೇಕು. ಎಸ್ ಪಿ ರೋಡಲ್ಲಿ ಕಮ್ಮಿ ರೇಟಿಗೆ ಸಿಗೋ ಉದ್ದದ ಕೇಬಲ್ ಪ್ರಿಂಟರಿಗೆ ನಡೀಬಹುದು, 45 ಮೆಗಾಪಿಕ್ಸೆಲ್ ರಾ ಫೈಲ್ ಒಂದೊಂದೂ 50 ಎಂಬಿ ಆಸುಪಾಸು ಇರತ್ತೆ, ಅದನ್ನ ಬಿಡದಂಗೆ ಸಾಗಿಸೋಕೆ ಅವು ಸಾಲಲ್ಲ.

ಮಾಡಬೇಕಾದ್ದು ಇಷ್ಟು: ಒಂದು ಮೀಟರಿನ ಒಳ್ಳೇ ಕೇಬಲ್ ಯಾರ ಹತ್ರನಾದ್ರೂ ತಗೊಂಡು, ಕ್ಯಾಮೆರಾ ಟೇಬಲ್ ಮೇಲಿಟ್ಟು, ಕೈ ಮುಟ್ಟದೆ 100 ಶಾಟ್ ಹೊಡೀರಿ. ಒಂದೂ ಬಿಟ್ಟು ಹೋಗ್ಲಿಲ್ಲ ಅಂದ್ರೆ ಪೋರ್ಟ್ ಜೀವಂತ ಇದೆ, ಅವತ್ತು ಎಳೆದಾಗ ಕೇಬಲ್ ಪಿನ್ನೇ ಬಗ್ಗಿರಬೇಕು. ಸಣ್ಣ ಕೇಬಲಲ್ಲೂ ಹೋಯ್ತು ಅಂದ್ರೆ ಆಗ ಬೋರ್ಡ್ ಯೋಚನೆ ಮಾಡಿ. ಅಂದಹಾಗೆ ಧಾರವಾಡದವ್ರು ಹೇಳಿದ ಎಕ್ಸ್‌ಟೆನ್ಶನ್ ಕೂಡ ಉದ್ದಕ್ಕೆ ಸೇರತ್ತೆ, ಹಾಗಾಗಿ ಗೇಣುದ್ದ ಅಂದಿದ್ದನ್ನ ಗೇಣುದ್ದನೇ ಇಡಿ.

ನೆರಿಗೆ_ಮತ್ತು_ಲೈಟ್:

ನಾನು ಶೂಟುಗಳಲ್ಲಿ ಅಸಿಸ್ಟೆಂಟ್, ಸೀರೆ ಉಡ್ಸೋ ಕೆಲಸನೂ ಮಾಡಿದೀನಿ, ಅದಕ್ಕೆ ಅಕ್ಕನ ಕಡೆಯಿಂದ ಹೇಳ್ತೀನಿ. ಸೀರೆ ಉಡ್ಸೋರು ನೆಲ ನೋಡಲ್ಲ ಸರ್, ನೆರಿಗೆ ನೋಡ್ತಾರೆ. ಬಾಯಲ್ಲಿ ಪಿನ್ ಕಚ್ಕೊಂಡು ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟು ಬೀಳು ಸರಿ ಇದೆಯಾ ಅಂತ ನೋಡೋದು ಅವರ ಕೆಲಸನೇ. ಹುಷಾರು ಅಂತ ದಿನಕ್ಕೆ 50 ಸಲ ಕೂಗೋದಕ್ಕಿಂತ ಕೇಬಲ್ ಅವರ ದಾರಿಲಿ ಇರದ ಹಾಗೆ ಹಾಕಿ. ಬೆಳಗ್ಗೆ ಶೂಟ್ ಶುರು ಆಗೋ ಮುಂಚೆ ಅವರನ್ನೇ ಕೇಳಿ, ಅಕ್ಕ ನೀವು ಯಾವ ಕಡೆಯಿಂದ ಬಂದು ಹೋಗ್ತೀರಾ ಅಂತ. ಬಟ್ಟೆ ಬದಲಾಯಿಸೋ ರೂಮ್ ಎಡಗಡೆ ಇದ್ರೆ ಲ್ಯಾಪ್‌ಟಾಪ್ ಟೇಬಲ್ ಬಲಗಡೆ ಇಡಿ, ಅಷ್ಟಕ್ಕೇ ಅರ್ಧ ಸಮಸ್ಯೆ ಹೋಗತ್ತೆ.

ಕೇಬಲ್ ಬಣ್ಣ ಕಪ್ಪು ಇದ್ರೆ ಬದಲಾಯಿಸಿ, ಕಿತ್ತಳೆ ಬಣ್ಣದ್ದು ಬರೋದು ಚಂದಕ್ಕಲ್ಲ, ಮಬ್ಬು ಬೆಳಕಲ್ಲೂ ಕಣ್ಣಿಗೆ ಹೊಡೀಲಿ ಅಂತ. ನೆಲದ ಮೇಲೆ ಹೋಗೋ ಭಾಗಕ್ಕೆ ಗ್ಯಾಫರ್ ಟೇಪ್ ಹಾಕಿ, ಪ್ಯಾಕಿಂಗ್ ಮಾಡೋ ಬ್ರೌನ್ ಟೇಪ್ ಬೇಡ, ಅದರ ಅಂಟು ಕೇಬಲ್ ಮೇಲೆ ಉಳಿದು ಧೂಳು ಹಿಡಿಯತ್ತೆ, ಆಮೇಲೆ ಅದೇ ಅಂಟು ರೇಷ್ಮೆಗೆ ತಾಗಿದ್ರೆ ಏನಾಗತ್ತೆ ಅಂತ ನಿಮಗೇ ಗೊತ್ತು. ಸಂಜೆ ಸುತ್ತೋವಾಗ ಮೊಣಕೈಗೆ ಬಿಗಿದು ಸುತ್ಬೇಡಿ, ಒಂದು ಸುತ್ತು ಮೇಲಿಂದ ಒಂದು ಸುತ್ತು ಕೆಳಗಿಂದ ಹಾಕಿ ದೊಡ್ಡ ವೃತ್ತವಾಗಿ ಸುತ್ತಿದ್ರೆ ಮಾರನೇ ದಿನ ತಿರುಚಿಕೊಳ್ಳದೆ ನೆಲಕ್ಕೆ ಸಪಾಟಾಗಿ ಕೂರತ್ತೆ.

ಸೆರಗು_ಫ್ರೇಮ್ಸ್:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಶನಿವಾರದ ಶೂಟ್ ಮುಗ್ಸಿ ಬರೀತಿದೀನಿ.

ಕ್ಲಿಪ್ ಡಬ್ಬದಲ್ಲೇ ಇತ್ತು, ಕವರ್ ಕೂಡ ಬಿಚ್ಚಿರ್ಲಿಲ್ಲ. ಪಿಕ್ಸೆಲ್ ಹೇಳಿದಂಗೆ ಫ್ರೆಂಡ್ ಹತ್ರ ಸಣ್ಣ ಕೇಬಲ್ ಇಸ್ಕೊಂಡು 100 ಶಾಟ್ ಹೊಡೆದೆ, ಒಂದೂ ಹೋಗ್ಲಿಲ್ಲ! ಹಳೇ ಕೇಬಲ್ ಪಿನ್ ಕಣ್ಣ ಹತ್ರ ಹಿಡಿದು ನೋಡಿದ್ರೆ ಒಂದು ಕಡೆಗೆ ವಾಲಿದೆ. ಅದನ್ನ ಕತ್ತರಿಸಿ ಹಾಕ್ದೆ, ಯಾರೂ ಅಪ್ಪಿತಪ್ಪಿ ಮತ್ತೆ ಚುಚ್ಬಾರ್ದು ಅಂತ. ಹೊಸದು ಕಿತ್ತಳೆ ಬಣ್ಣದ್ದೇ ತಗೊಂಡೆ, ಬೋರ್ಡ್ ರೇಟ್ ಮುಂದೆ ಅದು ಏನೂ ಅಲ್ಲ.

ಅಕ್ಕನ್ನ ಕೇಳ್ದೆ. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ ಅಂದ್ರು, ಅವ್ರೇ ನಿಂತು ಟೇಬಲ್ ಕಿಟಕಿ ಕಡೆ ಇಡ್ಸಿದ್ರು. 44 ಸೀರೆ ಆಯ್ತು. ಮಧ್ಯಾಹ್ನ ಒಂದ್ಸಲ ನಾನೇ ಹಿಂದೆ ಹೋಗ್ತಾ ಕೇಬಲ್ ಉದ್ದ ಮರೆತೆ, ಟೇಬಲ್ ಕಾಲಿನ ಹತ್ರ ಜೋಡಣೆ ಬಿಚ್ಚಿಕೊಳ್ತು, ಕ್ಯಾಮೆರಾದಲ್ಲಿ ಪಿನ್ ಇದ್ದಲ್ಲೇ ಇತ್ತು, ಮತ್ತೆ ಚುಚ್ಚಿ ಕೆಲಸ ಮುಂದುವರಿಸ್ದೆ.

ಒಂದು ಡೌಟ್ ಉಳಿದಿದೆ. ಕ್ಯಾಮೆರಾ ಉದ್ದ ತಿರುಗಿಸಿದಾಗ ಸ್ಟ್ರಾಪ್ ಬಳೆಗೆ ಕಟ್ಟಿರೋ ಕೇಬಲ್ ನನ್ನ ಅಂಗೈಗೆ ಅಡ್ಡ ಬರತ್ತೆ.

ಜಯನಗರ_50ಎಂಎಂ:

ಖುಷಿ ಆಯ್ತು ಸರ್. ಕಟ್ಟನ್ನ ಬಳೆಯಿಂದ ತೆಗೆದು ಕ್ಯಾಮೆರಾ ತಳದ ಪ್ಲೇಟಿಗೆ ಹಾಕಿ, ತಿರುಗಿಸೋವಾಗ ಬಲಗೈ ಹಿಡಿತ ಮೇಲಕ್ಕೆ ಬರೋ ಹಾಗೆ ತಿರುಗಿಸಿ, ಆಗ ಪೋರ್ಟ್ ಇರೋ ಎಡಬದಿ ಕೆಳಗಾಗಿ ಕೇಬಲ್ ನೇರ ನೆಲಕ್ಕೆ ಇಳಿಯತ್ತೆ. ಹಾಗೆ ಹಿಡಿದಾಗ ಆ ನಾಲ್ಕು ಬೆರಳ ಸಡಿಲ ಉಳಿದಿದೆಯಾ ಅಂತ ಒಮ್ಮೆ ನೋಡ್ಕೊಳ್ಳಿ.