ಅಪ್ಪನಿಗೆ ಹಿಂದೆ ತಲೆಗೆ ಪೆಟ್ಟಾಗಿತ್ತು, ಈಗ ಕೊಲೆಸ್ಟ್ರಾಲ್ ಜಾಸ್ತಿ. ಮರೆವಿನ ಕಾಯಿಲೆ ಆಲ್‌ಝೈಮರ್ ಬರುತ್ತಾ?

ಪ್ರಶ್ನೆ:
ಅಪ್ಪನಿಗೆ ಈಗ 57. ಎಂಟು ವರ್ಷದ ಹಿಂದೆ ಬೈಕಿನಿಂದ ಬಿದ್ದು ಎರಡು ದಿನ ಪ್ರಜ್ಞೆ ಇರಲಿಲ್ಲ, ಹುಬ್ಬಿನ ಮೇಲೆ ಹೊಲಿಗೆ ಗುರುತು ಇನ್ನೂ ಇದೆ. ಹೋದ ವಾರದ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 172 ಬಂತು. ಇವೆರಡೂ ಸೇರಿದರೆ ಆಲ್‌ಝೈಮರ್ ಅಪಾಯ ಅಂತ ಓದಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ರಕ್ತದಲ್ಲಿರುವ ಕೊಲೆಸ್ಟ್ರಾಲ್ ಮಿದುಳಿಗೆ ಹೋಗಿ ಕೂರುತ್ತಾ?

ಉತ್ತರ 1:
ಹಾಗೆ ಹೋಗಿ ಕೂರಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ತಡೆಗೋಡೆ ಇದೆ, ಮಿದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ತೂಕದಲ್ಲಿ ಮೈಯ ನೂರಕ್ಕೆ 2 ಪಾಲು ಅಷ್ಟೇ, ಆದರೆ ಇಡೀ ಮೈಯ ಕೊಲೆಸ್ಟ್ರಾಲಿನಲ್ಲಿ ನೂರಕ್ಕೆ ಸುಮಾರು 20 ಪಾಲು ಅಲ್ಲೇ ಇದೆ. ಅದರಲ್ಲೂ ಹೆಚ್ಚಿನದು ನರದ ಎಳೆಗಳಿಗೆ ಸುತ್ತಿಕೊಂಡಿರುವ ಮಯಲಿನ್‌ನಲ್ಲಿ, ವೈರಿನ ಮೇಲಿನ ಪ್ಲಾಸ್ಟಿಕ್ ಇರುತ್ತಲ್ಲ, ಆ ಥರ. ತಲೆಗೆ ಜೋರು ಪೆಟ್ಟು ಬಿದ್ದರೆ ಎಳೆಗಳು ಜಗ್ಗಿ ಹರಿದು ಆ ಹೊದಿಕೆ ಚೂರಾಗುತ್ತದೆ, ಆ ಕೊಬ್ಬಿನ ಚೂರನ್ನೆಲ್ಲ ಮಿದುಳಿನ ಕೋಶಗಳೇ ತೆಗೆದು ಸಾಗಿಸಬೇಕು. ಮಿದುಳಲ್ಲಿ ಕೊಬ್ಬು ಹೊರುವ ಮುಖ್ಯ ಪ್ರೋಟೀನ್ ಎಪಿಒಇ. ಅದರ ಇ4 ಬಗೆ ಇದ್ದವರಿಗೆ ಆಲ್‌ಝೈಮರ್ ಅಪಾಯ ಜಾಸ್ತಿ ಅಂತ 1993ರಲ್ಲೇ ಗೊತ್ತಾಯಿತು. ಪೆಟ್ಟು, ಕೊಬ್ಬು, ಮರೆವು ಮೂರನ್ನೂ ಸಂಶೋಧಕರು ಒಟ್ಟಿಗೆ ನೋಡುವುದು ಇದಕ್ಕೇ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ರಕ್ತದ ಎಲ್‌ಡಿಎಲ್ ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಅದು ರಕ್ತನಾಳ ಕೆಡಿಸುತ್ತದೆ, ಮಿದುಳಿಗೂ ರಕ್ತ ಹೋಗುವುದು ನಾಳಗಳಲ್ಲೇ ಅಲ್ವಾ? ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರಲ್ಲೇ ತಲೆಪೆಟ್ಟನ್ನು ಡಿಮೆನ್ಶಿಯಾದ (ಆಲ್‌ಝೈಮರ್ ಥರದ ಮರೆವಿನ ಕಾಯಿಲೆಗಳ) ಅಪಾಯಗಳ ಪಟ್ಟಿಗೆ ಸೇರಿಸಿತ್ತು, 2024ರಲ್ಲಿ ನಡುವಯಸ್ಸಿನ ಎಲ್‌ಡಿಎಲ್ಲನ್ನೂ ಸೇರಿಸಿತು. ಹಾಗಂತ ಅಪ್ಪನಿಗೆ ಬಂದೇ ಬರುತ್ತದೆ ಅಂತಲ್ಲ. ಆಗಿಹೋದ ಪೆಟ್ಟಿಗೆ ಏನೂ ಮಾಡಲಾಗದು, 172 ಅನ್ನು ಖಂಡಿತ ಇಳಿಸಬಹುದು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬೇಕಾ ಅಂತ ಡಾಕ್ಟರನ್ನೇ ಕೇಳಿ. ಆಲ್‌ಝೈಮರ್ ಶುರುವಾದ ಮೇಲೆ ಸ್ಟಾಟಿನ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮರೆವು ನಿಧಾನವಾಗಲಿಲ್ಲ, ಅದಕ್ಕೇ ಈಗಲೇ ನೋಡಿಕೊಳ್ಳಿ ಅನ್ನುವುದು. ಬಿಪಿ, ಸಕ್ಕರೆ ಕೂಡ ನೋಡಿಸಿ. ಮತ್ತೆ ಹೆಲ್ಮೆಟ್ ಇಲ್ಲದೆ ಬೈಕ್ ಹತ್ತಲು ಬಿಡಲೇಬೇಡಿ.

ಉತ್ತರ 3:
ನಮ್ಮ ಅಮ್ಮನಿಗೆ ಇದೇ ಕಾಯಿಲೆ. ಮೊದಲು ಹೆಸರು ಮರೆತಿದ್ದಲ್ಲ. ಜೀವನಪೂರ್ತಿ ಬಟ್ಟೆ ಹೊಲಿದವರು ಒಂದು ಮಧ್ಯಾಹ್ನ ಸೂಜಿ ಹಿಡಿದು, ದಾರ ಎಲ್ಲಿ ಪೋಣಿಸಬೇಕು ಅಂತ ತಿಳಿಯದೆ ಕೂತಿದ್ದರು. ವಯಸ್ಸಾಯಿತು ಅಂತ ನಾವು ಒಂದು ವರ್ಷ ಸುಮ್ನಿದ್ದೆವು. ಅದು ಇವತ್ತಿಗೂ ಚುಚ್ಚುತ್ತದೆ. ದಿನಾ ಮಾಡುವ ಕೆಲಸದಲ್ಲಿ ಅಪ್ಪ ತಡವರಿಸಿದರೆ ಕಾಯಬೇಡಿ, ತೋರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪಘಾತದ ಹಳೇ ಸ್ಕ್ಯಾನ್ ಹುಡುಕಿ ತೆಗೆದಿಟ್ಟಿದ್ದೇನೆ, ಸೋಮವಾರ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ.